ನಲವತ್ತೇಳು ತಲೆಗಳ ಮುನ್ನಡೆ

ನಗರಸಭೆಯ ಎರಡನೇ ಮಹಡಿಯಲ್ಲಿ, ಮೆಟ್ಟಿಲು ಹತ್ತಿ ಬಂದವರು ಏದುಸಿರು ಬಿಡಲೆಂದೇ ಹಾಕಿದಂತಿದ್ದ ಉದ್ದ ಬೆಂಚಿನ ಎದುರಿಗೆ ಮನೆಪಟ್ಟಿ ವಿಭಾಗದ ಕಿಟಕಿ ಇತ್ತು. ಅದರೊಳಗೆ ಮೂವತ್ತೊಂದು ವರ್ಷದಿಂದ ಒಬ್ಬರೇ ಕೂತಿದ್ದರು. ಅವರಿಗೂ ಒಂದು ಹೆಸರಿತ್ತು, ಸಂಬಳದ ದಿನ ಸಹಿ ಹಾಕುವಾಗ ಬಳಸುತ್ತಿದ್ದರು. ಮಿಕ್ಕ ದಿನಗಳಲ್ಲಿ ಊರೆಲ್ಲ ಅವರನ್ನು ಕರೆಯುತ್ತಿದ್ದದ್ದು ಜನಸಂಖ್ಯೆ ಎಂದು. ಜನಸಂಖ್ಯೆ ಇನ್ನೂ ಬಂದಿಲ್ಲ, ಜನಸಂಖ್ಯೆಗೆ ನೆಗಡಿಯಂತೆ, ಜನಸಂಖ್ಯೆ ಊಟಕ್ಕೆ ಹೋಗಿದೆ, ಹೀಗೆ. ಒಬ್ಬನೇ ಮನುಷ್ಯ ನಾಲ್ಕು ಲಕ್ಷ ಜನರ ಹೆಸರು ಹೊತ್ತು ತಿರುಗುವುದರಲ್ಲಿ ಅವರಿಗೇನೂ ಭಾರ ಅನಿಸಿರಲಿಲ್ಲ. ಒಳಗೊಳಗೆ ಖುಷಿಯೇ ಇತ್ತು.

ಕೆಲಸ ಸರಳ. ಬೀದಿಗೊಂದು ದಪ್ಪ ಪುಸ್ತಕ, ಮನೆಗೊಂದು ಪುಟ. ಊರಿಗೆ ಬಂದವರನ್ನು ನೀಲಿ ಶಾಯಿಯಲ್ಲಿ ಬರೆದುಕೊಳ್ಳಬೇಕು, ಬಿಟ್ಟುಹೋದವರ ಹೆಸರಿನ ಮೇಲೆ ಅಡಿಪಟ್ಟಿ ಇಟ್ಟು ಕೆಂಪು ಪೆನ್ಸಿಲ್ಲಿನಲ್ಲಿ ಒಂದು ಗೆರೆ ಎಳೆಯಬೇಕು. ಗೆರೆ ಎಳೆದ ಮೇಲೆ ‘ಊರು ಬಿಟ್ಟ ಚೀಟಿ’ ಎಂಬ ಅಂಗೈಯಗಲದ ಕಾಗದ ಕೊಡಬೇಕು. ಯಾವ ದಿನ ಬಿಟ್ಟರು ಎಂದು ಅದರಲ್ಲಿ ಇರುತ್ತದೆ. ಅದನ್ನು ತೋರಿಸದೆ ಬೇರೆ ಯಾವ ಊರಿನವರೂ ನಿಮ್ಮನ್ನು ತಮ್ಮ ಪುಸ್ತಕಕ್ಕೆ ಸೇರಿಸಿಕೊಳ್ಳುವುದಿಲ್ಲ. ಒಬ್ಬ ಮನುಷ್ಯ ಎರಡು ಊರಿನ ಲೆಕ್ಕದಲ್ಲಿ ಇರಬಾರದು ಎಂಬುದು ನಿಯಮ. ಯಾವ ಊರಿನ ಲೆಕ್ಕದಲ್ಲೂ ಇಲ್ಲದೆ ಹೋದರೆ ಏನು ಮಾಡಬೇಕು ಎಂಬುದಕ್ಕೆ ನಿಯಮ ಇರಲಿಲ್ಲ.

ಊರಿನ ಪಕ್ಕ ಅಗಲವಾದ ಹೊಳೆ, ಹೊಳೆಯ ಆಚೆಗೆ ಇನ್ನೊಂದು ಊರು, ನಡುವೆ ಒಂದು ಮೈಲಿ ಉದ್ದದ ಸೇತುವೆ. ಎರಡೂ ಒಂದೇ ಅಳತೆಯವು: ನಾಲ್ಕು ಲಕ್ಷ ಜನ, ಮೇಲೊಂದಿಷ್ಟು ಚಿಲ್ಲರೆ. ರಾಜಧಾನಿಯ ಕಚೇರಿಗಳು ಗುರುತು ತಪ್ಪಿ ಇವರ ಪತ್ರ ಅವರಿಗೆ, ಅವರ ಪತ್ರ ಇವರಿಗೆ ಕಳಿಸುತ್ತಿದ್ದವು. ಬಲು ದೊಡ್ಡ ಊರುಗಳಿಗೆ ಇಂಥ ಸಂಕಟವಿಲ್ಲ, ಹಳ್ಳಿಗಳಿಗೂ ಇಲ್ಲ. ಮಧ್ಯದ ಊರುಗಳ ಪಾಡೇ ಬೇರೆ. ಗುಂಪು ಫೋಟೋದಲ್ಲಿ ಎರಡನೇ ಸಾಲಿಗೆ ನಿಂತವರ ಹಾಗೆ, ಮುಂದಿನವರ ಭುಜದ ಮೇಲೆ ತಮ್ಮ ಮುಖ ಕಾಣಬೇಕೆಂದು ಸದಾ ತುದಿಗಾಲಿನಲ್ಲಿ ನಿಂತಿರುತ್ತವೆ, ಪಕ್ಕದವನು ಎಷ್ಟು ಎತ್ತರ ಎಂದು ಕಳ್ಳಗಣ್ಣಿನಲ್ಲಿ ನೋಡುತ್ತಿರುತ್ತವೆ. ಬರೆಯುವ ನಮ್ಮಂಥವರಿಗೂ ಪಕ್ಕದವನ ಪುಸ್ತಕ ಎಷ್ಟು ಖರ್ಚಾಯಿತೆಂದು ವಿಚಾರಿಸದೆ ಅನ್ನ ಅರಗುವುದಿಲ್ಲ. ಆದ್ದರಿಂದ ನಗುವ ಹಕ್ಕು ನಮಗೆ ಪೂರ್ತಿ ಇಲ್ಲ.

ಜನಸಂಖ್ಯೆಯವರ ಪಕ್ಕದ ಕಿಟಕಿಯಲ್ಲಿ ಜನನ ಮರಣ ಬರೆದುಕೊಳ್ಳುವ ಗುಮಾಸ್ತರಿದ್ದರು. ಬೆಳಿಗ್ಗೆ ಬಂದು ಕುರ್ಚಿಯ ದೂಳು ಒರೆಸುವ ಮೊದಲೇ ಇವರು ಆ ಕಡೆ ಕತ್ತು ಚಾಚಿ ನಿನ್ನೆಯ ಲೆಕ್ಕ ಕೇಳುವರು. ಹುಟ್ಟಿದ್ದು ಹನ್ನೊಂದು, ಹೋದದ್ದು ಏಳು ಎಂದರೆ ಆ ದಿನ ಚಹಾ ಇವರದು. ಅದೇ ತಿರುಗುಮುರುಗಾದರೆ, ಸತ್ತವರು ಅರ್ಜಿ ಕೊಡದೆ ರಜೆ ಹಾಕಿ ಹೋದರೆಂಬಂತೆ ಮುಖ ಗಂಟು ಹಾಕುವರು. ಬಸುರಿಯರು ಸೇತುವೆ ದಾಟಿ ಆಚೆ ಊರಿನ ಆಸ್ಪತ್ರೆಗೆ ಹೋಗುವುದನ್ನಂತೂ ಸಹಿಸರು. ಒಮ್ಮೆ ಬಸ್ಸಿನಲ್ಲಿ ತುಂಬು ಗರ್ಭಿಣಿಯೊಬ್ಬಳಿಗೆ ಎದ್ದು ಜಾಗ ಕೊಟ್ಟು, ನಮ್ಮ ಆಸ್ಪತ್ರೆಯೂ ಚೆನ್ನಾಗಿದೆ ತಾಯಿ ಎಂದು ಸೇತುವೆಯ ಉದ್ದಕ್ಕೂ ಒಪ್ಪಿಸಲು ನೋಡಿದರಂತೆ. ಅವಳ ಗಂಡ ಇವರನ್ನು ಮುಂದಿನ ನಿಲ್ದಾಣದಲ್ಲಿ ಇಳಿಸಿದ ಎಂದು ಜನನ ಮರಣದವರು ಎಲ್ಲರಿಗೂ ಹೇಳುತ್ತಿದ್ದರು.

ತಲೆ ಎಣಿಸಿದರೆ ಮುಗಿಯಲಿಲ್ಲ, ಎತ್ತರವನ್ನೂ ಅಳೆಯಬೇಕಿತ್ತು. ಆಕಾಶಕ್ಕೆ ಊರು ಎಲ್ಲೆಲ್ಲಿ ತಾಗುತ್ತದೋ ಆ ಅಂಕುಡೊಂಕು ಗೆರೆಗೆ ಅವರು ನೆತ್ತಿಗೆರೆ ಎಂದು ಹೆಸರಿಟ್ಟಿದ್ದರು. ವರ್ಷಕ್ಕೊಮ್ಮೆ, ಹವೆ ತಿಳಿಯಾಗಿರುವ ಒಂದು ಭಾನುವಾರ, ಮಡಚುವ ಸ್ಟೂಲು, ಉದ್ದನೆಯ ಕಾಗದದ ಪಟ್ಟಿ, ಗಂಟು ಹಾಕಿದ ದಾರ ಹಿಡಿದು ಹೊರಡುವರು. ಕೈ ನೀಡಿ ದಾರ ಇಳಿಬಿಟ್ಟು, ಒಂದು ಕಣ್ಣು ಮುಚ್ಚಿ, ಯಾವ ಕಟ್ಟಡ ಎಷ್ಟು ಗಂಟು ಎತ್ತರ ಎಂದು ಅಳೆದು ಬರೆಯುವರು. ಬೆಳಿಗ್ಗೆ ಈಚೆ ದಡದಲ್ಲಿ ಕೂತು ಆಚೆ ಊರಿನದು: ಧಾನ್ಯದ ಗೋಪುರ, ಗಡಿಯಾರದ ಕಂಬ, ರೈಲು ಕಚೇರಿ. ಮಧ್ಯಾಹ್ನ ಆಚೆ ದಡಕ್ಕೆ ಹೋಗಿ ತಮ್ಮ ಊರಿನದು: ನೀರಿನ ಟ್ಯಾಂಕು, ಮುಚ್ಚಿದ ಗಿರಣಿಯ ಚಿಮಣಿ, ಆಸ್ಪತ್ರೆ. ತನ್ನ ಊರಿನ ನೆತ್ತಿ ನೋಡಬೇಕಾದರೆ ಆಚೆ ಊರಿಗೇ ಹೋಗಬೇಕಲ್ಲ, ಈ ಅವಮಾನವನ್ನು ಅವರು ಆ ಊರಿಗೆ ಬೆನ್ನು ಮಾಡಿ ಕೂತು ಸರಿದೂಗಿಸುತ್ತಿದ್ದರು. ಎರಡು ಪಟ್ಟಿಗಳನ್ನೂ ಒಂದರ ಕೆಳಗೊಂದು ನಗರಸಭೆಯ ಬೆಂಚಿನ ಮೇಲಿನ ಗೋಡೆಗೆ ಅಂಟಿಸುವರು. ಬೆಂಚಿನಲ್ಲಿ ಕೂತವರು ಅದಕ್ಕೆ ತಲೆಯೊರಗಿಸಿ ಎಣ್ಣೆ ಕಲೆ ಮಾಡುತ್ತಿದ್ದರು. ಅದಕ್ಕಿಂತ ಹೆಚ್ಚಿನ ಗಮನವನ್ನು ಯಾರೂ ಅದಕ್ಕೆ ಕೊಟ್ಟದ್ದಿಲ್ಲ.

ಒಬ್ಬಳು ಕೊಟ್ಟಿದ್ದಳು. ಮಗಳು. ಒಬ್ಬಳೇ ಮಗಳು, ಕಣ್ಣು ಬಲು ಚುರುಕು. ಆರು ವರ್ಷದವಳಿದ್ದಾಗಿನಿಂದ ದಾರದ ತುದಿ ಹಿಡಿಯುವ ಕೆಲಸ ಅವಳದು. ಹೊಳೆಯಾಚೆಯ ಕಟ್ಟಡದ ಕಿಟಕಿಗಳನ್ನು ಬರಿಗಣ್ಣಿನಲ್ಲಿ ಎಣಿಸುವಳು. ಅಪ್ಪ, ಮೂರನೇ ಮಹಡೀಲಿ ಯಾರೋ ಬಟ್ಟೆ ಒಣಹಾಕಿದಾರೆ ಎನ್ನುವಳು. ಬಟ್ಟೆ ಲೆಕ್ಕಕ್ಕಿಲ್ಲ ಎಂದು ಅಪ್ಪ ಹೇಳುವರು. ಬಾವುಟ, ಹೊಗೆ, ಕಟ್ಟುವಾಗ ನಿಲ್ಲಿಸುವ ಕ್ರೇನು, ಇವು ಯಾವುವೂ ಲೆಕ್ಕಕ್ಕಿಲ್ಲ. ನಾಳೆ ಇಲ್ಲದ್ದನ್ನು ಇವತ್ತು ಬರೆಯಬಾರದು ಎಂಬುದು ಅವರು ತಾವೇ ಮಾಡಿ ತಾವೇ ಪಾಲಿಸುತ್ತಿದ್ದ ನಿಯಮ.

ಕ್ರೇನಿನಿಂದಲೇ ಎಡವಟ್ಟಾಯಿತು. ಊರಿನ ಆಸ್ಪತ್ರೆಯ ಮೇಲೆ ಇನ್ನೂ ಮೂರು ಮಹಡಿ ಏರಿಸುವುದೆಂದಾದಾಗ ಎತ್ತರದ ಕ್ರೇನು ಬಂತು, ಅದರ ನೆತ್ತಿಯ ಗಾಜಿನ ಗೂಡಿನಲ್ಲಿ ಕೂತು ನಡೆಸುವವನೂ ಬಂದ. ಮೆದು ಮಾತಿನ ಹುಡುಗ. ಇಡೀ ದಿನ ಮೇಲೆ ಒಬ್ಬನೇ ಕೂತಿರುತ್ತಿದ್ದುದರಿಂದ ಕೆಳಗಿಳಿದಾಗ ಯಾರ ಮಾತನ್ನೂ ಕೊನೆಯವರೆಗೆ ಕೇಳುತ್ತಿದ್ದ. ಜನಸಂಖ್ಯೆಯವರಿಗೆ ಅಂಥವನು ಬೇಕಾಗಿತ್ತು. ನನ್ನ ಊರನ್ನು ಮೂರು ಮಹಡಿ ಎತ್ತರ ಮಾಡಿದ ಪುಣ್ಯಾತ್ಮ ಎಂದು ಮನೆಗೆ ಕರೆತಂದು ಊಟಕ್ಕೆ ಕೂರಿಸಿದರು. ಬಡಿಸಿದವಳು ಮಗಳು. ಆಮೇಲಿನದು ಎಲ್ಲ ಮನೆಗಳಲ್ಲೂ ಆಗುವಂಥದ್ದೇ. ಮದುವೆಗೆ ಅವರ ಅಡ್ಡಿಯೇನೂ ಇರಲಿಲ್ಲ. ಅಡ್ಡಿ ಎದ್ದದ್ದು ಮದುವೆಯಾದ ಹದಿನೈದನೇ ದಿನ. ಆಸ್ಪತ್ರೆಯ ಕೆಲಸ ಮುಗಿದು, ಅಳಿಯನನ್ನು ಕಂಪನಿಯವರು ಹೊಳೆಯಾಚೆ ಕಳಿಸಿದರು. ಅಲ್ಲಿ ಹದಿನೆಂಟು ಮಹಡಿಯ ಕಟ್ಟಡಗಳು ಏಳುವುದಿದ್ದವು.

ಅಲ್ಲೇ ಕೆಲಸ, ಅಲ್ಲೇ ಬಾಡಿಗೆ ಕೋಣೆ. ಮಗಳು ಎರಡು ಪೆಟ್ಟಿಗೆ ಹಿಡಿದು ಸೇತುವೆ ದಾಟಿದಳು. ಅಲ್ಲಿಯೇ ಒಂದು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸಕ್ಕೆ ಸೇರಿದಳು.

ಮರುದಿನ ಜನಸಂಖ್ಯೆಯವರು ತಮ್ಮದೇ ಬೀದಿಯ ಪುಸ್ತಕ ತೆಗೆದು, ತಮ್ಮದೇ ಮನೆಯ ಪುಟ ಬಿಚ್ಚಿ, ಮಗಳ ಹೆಸರಿನ ಮೇಲೆ ಅಡಿಪಟ್ಟಿ ಇಟ್ಟರು. ಕೆಂಪು ಪೆನ್ಸಿಲ್ಲು ಮೊಂಡಾಗಿದೆ ಅನಿಸಿತು. ಕೆತ್ತಿದರು. ಕೆತ್ತಿದ ಮೇಲೆ ತಿಂಗಳ ಕೊನೆಗೆ ಮಾಡಿದರಾಯಿತು ಅನಿಸಿತು. ತಿಂಗಳ ಕೊನೆಗೆ ವರ್ಷದ ಕೊನೆ ಹತ್ತಿರ ಕಂಡಿತು. ಬೇರೆಯವರ ಹೆಣ್ಣುಮಕ್ಕಳ ಹೆಸರನ್ನು ಅವರು ಮದುವೆಯ ವಾರದೊಳಗೆ ಹೊಡೆದುಹಾಕಿದವರು. ಒಬ್ಬ ದರ್ಜಿ ಬಂದು, ಒಂದು ವರ್ಷ ಹೆಸರು ಇರಲಿ ಸ್ವಾಮಿ, ಮನೆ ಬಿಕೋ ಅನ್ನುತ್ತೆ ಎಂದಾಗ, ಇದು ಮನೆಪಟ್ಟಿಯೇ ಹೊರತು ನೆನಪಿನ ಪುಸ್ತಕ ಅಲ್ಲ ಎಂದು ಕಿಟಕಿಯಿಂದ ಉಪದೇಶ ಮಾಡಿದವರು. ತಮ್ಮ ಪುಟದ ಮಟ್ಟಿಗೆ ಆ ಉಪದೇಶ ನೆನಪಾಗಲಿಲ್ಲ. ಆ ವರ್ಷ ಊರು ಆಚೆಯವರಿಗಿಂತ ಇನ್ನೂರು ತಲೆ ಮುಂದಿತ್ತು. ಒಂದು ತಲೆ ಅತ್ತ ಹೋದರೆ ಇತ್ತ ಒಂದು ಕಮ್ಮಿ, ಅತ್ತ ಒಂದು ಜಾಸ್ತಿ, ಒಟ್ಟು ಎರಡರ ನಷ್ಟ ಎಂದು ಅವರೊಳಗಿನ ಗುಮಾಸ್ತ ಹೇಳಿದ. ಅವರೊಳಗಿನ ಅಪ್ಪ ಏನು ಹೇಳಿದನೋ, ಅದನ್ನು ಬರೆಯುವ ಕಾಲಮ್ಮು ಪುಸ್ತಕದಲ್ಲಿ ಇರಲಿಲ್ಲ.

ಹೀಗೆ ಹನ್ನೊಂದು ವರ್ಷ. ಚೀಟಿ ಇಲ್ಲದ್ದರಿಂದ ಆಚೆ ಊರಿನವರು ಅವಳನ್ನು ಬರೆದುಕೊಳ್ಳಲಿಲ್ಲ. ಗಂಡನ ಪುಟದಲ್ಲಿ ಗಂಡನಿದ್ದ, ಹುಟ್ಟಿದ ಮಗುವಿತ್ತು, ಇವಳ ಹೆಸರಿನ ಎದುರು ಸೀಸದಕಡ್ಡಿಯಲ್ಲಿ ‘ತಂಗಿದ್ದಾರೆ’ ಎಂದಿತ್ತು. ಗಂಡನ ಮನೆಯಲ್ಲಿ ಹನ್ನೊಂದು ವರ್ಷ ಅತಿಥಿಯಾಗಿ ಇದ್ದ ಹೆಂಗಸು ಅವಳೊಬ್ಬಳೇ ಇರಬೇಕು. ಆಚೆಯ ಗುಮಾಸ್ತ ವರ್ಷಕ್ಕೊಮ್ಮೆ ಬಹಳ ಮರ್ಯಾದೆಯ ಪತ್ರ ಬರೆಯುತ್ತಿದ್ದ: ತಮ್ಮ ಪಟ್ಟಿಯ ಒಬ್ಬರು ನಮ್ಮಲ್ಲಿ ವಾಸವಿರುವಂತೆ ಕಾಣುತ್ತದೆ, ದಯಮಾಡಿ ಪರಿಶೀಲಿಸುವುದು. ಇವರು ಅಷ್ಟೇ ಮರ್ಯಾದೆಯಿಂದ, ವಿಷಯ ಪರಿಶೀಲನೆಯಲ್ಲಿದೆ ಎಂದು ಉತ್ತರಿಸುತ್ತಿದ್ದರು. ಎರಡು ಊರುಗಳ ನಡುವೆ ನಡೆದ ಒಂದೇ ಒಂದು ಯುದ್ಧ ಇದು. ಯಾರಿಗೂ ಗೊತ್ತಾಗಲಿಲ್ಲ.

ಮನೆಯಲ್ಲಿ ಹೆಂಡತಿಗೆ ಗೊತ್ತಿತ್ತು. ಆಕೆ ತಿಂಗಳಿಗೆರಡು ಸಲ ಬಸ್ಸು ಹತ್ತಿ ಮಗಳ ಮನೆಗೆ ಹೋಗಿಬರುವರು, ಬಂದವರು ಅಲ್ಲಿಯ ಸುದ್ದಿಯನ್ನು ಗೋಡೆಗೆ ಹೇಳುವರು. ಗಂಡ ಕೇಳಿಸಿಕೊಳ್ಳದವರ ಹಾಗೆ ಕೇಳಿಸಿಕೊಳ್ಳುವರು. ಒಂದು ದಿನ ಊಟಕ್ಕೆ ಮೂರು ತಟ್ಟೆ ಹಾಕಿದ್ದು ನೋಡಿ ಯಾರು ಬರ್ತಾರೆ ಎಂದು ಇವರು ಕೇಳಿದರು.

‘ನಿಮ್ಮ ಪುಸ್ತಕದಲ್ಲಿ ಮಗಳು ಇದೇ ಮನೇಲಿದಾಳಲ್ಲ’ ಎಂದರು ಆಕೆ. ‘ಒಳಗೆ ಕೂತಿರಬೇಕು. ಕರೀರಿ, ಅನ್ನ ಆರುತ್ತೆ.’

ಆ ತಟ್ಟೆ ಊಟ ಮುಗಿಯುವವರೆಗೂ ಖಾಲಿಯಾಗಿ ಅಲ್ಲೇ ಇತ್ತು. ಇವರು ಮಜ್ಜಿಗೆ ಬೇಡವೆಂದು ಎದ್ದರು.

ಅಪ್ಪ ಮಗಳು ಭೇಟಿಯಾಗುತ್ತಿರಲಿಲ್ಲ ಎಂದೇನಲ್ಲ. ನೆತ್ತಿಗೆರೆಯ ಭಾನುವಾರ ಅವರು ಆಚೆ ದಡದಲ್ಲಿ ಸ್ಟೂಲು ಹಾಕುವ ಜಾಗದಿಂದ ಅವಳ ಬಾಡಿಗೆ ಕೋಣೆ ಮೂವತ್ತು ಹೆಜ್ಜೆ. ಅವಳು ಫ್ಲಾಸ್ಕಿನಲ್ಲಿ ಚಹಾ ತರುವಳು. ಇವರು ಹಿಂದಕ್ಕೆ ತಿರುಗದೆ ಕೈ ಹಿಂದೆ ಚಾಚಿ ಲೋಟ ತೆಗೆದುಕೊಳ್ಳುವರು. ಮನೆಗೆ ಬಂದು ಹೋಗಿ ಎಂದರೆ, ಬೆಳಕು ಹೋಗಿಬಿಡುತ್ತೆ ಎನ್ನುವರು. ಮೊಮ್ಮಗಳು ಸ್ಟೂಲಿನ ಪಕ್ಕ ನಿಂತು, ಅಜ್ಜ, ನಿಮ್ಮ ಊರಿನ ಟ್ಯಾಂಕಿನ ಮೇಲೆ ಹಕ್ಕಿ ಕೂತಿದೆ ಎನ್ನುವಳು. ಹಕ್ಕಿ ಲೆಕ್ಕಕ್ಕಿಲ್ಲ. ಬೆಳಿಗ್ಗೆ ಈಚೆ ದಡದಿಂದ ಬರೆಯುವಾಗಲಂತೂ ಆಚೆ ಊರಿನ ನೆತ್ತಿಯಲ್ಲಿ ಎಲ್ಲಕ್ಕಿಂತ ಎತ್ತರಕ್ಕೆ ಕಾಣುತ್ತಿದ್ದದ್ದು ಅಳಿಯನ ಕ್ರೇನು, ಅದರ ಗಾಜಿನ ಗೂಡು ಬಿಸಿಲಿಗೆ ಹೊಳೆಯುತ್ತಿತ್ತು. ಅವರು ಅದರ ಎಡಕ್ಕೂ ಬಲಕ್ಕೂ ಇದ್ದದ್ದನ್ನೆಲ್ಲ ಬರೆದು, ನಡುವೆ ಆಕಾಶ ಬಿಡುತ್ತಿದ್ದರು.

ಹನ್ನೆರಡನೇ ವರ್ಷ ದೊಡ್ಡ ಎಣಿಕೆ ಬಂತು. ಹತ್ತು ವರ್ಷಕ್ಕೊಮ್ಮೆ ಎಲ್ಲ ಊರುಗಳ ಜನರ ಲೆಕ್ಕವನ್ನು ಒಂದೇ ದಿನ ಮುಚ್ಚಿ, ರಾಜಧಾನಿಗೆ ಕಳಿಸಿ, ಪುಸ್ತಕ ಮಾಡಿ ಅಚ್ಚು ಹಾಕುತ್ತಾರೆ. ಮುಚ್ಚುವ ದಿನ ತಿಂಗಳ ಮೂವತ್ತು. ಕಳೆದ ಸಲದ ಪುಸ್ತಕದಲ್ಲಿ ತಮ್ಮ ಊರು ಆಚೆ ಊರಿನ ಮೇಲೆ ಬಂದಿತ್ತು. ಈ ಸಲ ಬರುವುದು ಅನುಮಾನವಾಗಿತ್ತು. ಆಚೆ ಹದಿನೆಂಟು ಮಹಡಿಗಳು ಎದ್ದಿದ್ದವು, ಜನ ತುಂಬುತ್ತಿದ್ದರು. ಜನಸಂಖ್ಯೆಯವರ ಕೈಬೆರಳು ಕೂಡಿ ಕೂಡಿ ಕಪ್ಪಾಗಿದ್ದವು. ಇನ್ನೊಂದು ವರ್ಷಕ್ಕೆ ನಿವೃತ್ತಿ. ಹೋಗುವ ಮುಂಚೆ ಊರನ್ನು ಮೇಲಿನ ಸಾಲಿನಲ್ಲಿ ಕೂರಿಸಿ ಹೋಗಬೇಕೆಂಬುದು ಅವರ ಒಂದೇ ಆಸೆ, ಅದನ್ನು ಯಾರೂ ಅವರಿಂದ ಕೇಳಿರಲಿಲ್ಲ.

ಅದೇ ತಿಂಗಳ ಹತ್ತಕ್ಕೆ ಹೆಂಡತಿ ಮಗಳ ಕೈಬರಹದ ಒಂದು ಕಾಗದ ತಂದು ಮೇಜಿನ ಮೇಲಿಟ್ಟರು. ಅಳಿಯ ಕಟ್ಟುತ್ತಿದ್ದ ಹೊಸ ಕಟ್ಟಡದಲ್ಲಿ ನೂರು ಮನೆಗಳನ್ನು ಆಚೆಯ ನಗರಸಭೆ ತನ್ನ ಊರಿನವರಿಗೆಂದು ಕಡಿಮೆ ಬಾಡಿಗೆಗೆ ಮೀಸಲಿಟ್ಟಿತ್ತು. ಷರತ್ತು ಒಂದೇ: ಗಂಡ ಹೆಂಡತಿ ಇಬ್ಬರೂ ಹತ್ತು ವರ್ಷದಿಂದ ಅಲ್ಲಿ ಇರಬೇಕು. ಇದ್ದರು. ಆದರೆ ಹೆಂಡತಿ ಇದ್ದದ್ದಕ್ಕೆ ಪುರಾವೆ ಅಂದರೆ ಊರು ಬಿಟ್ಟ ಚೀಟಿ, ಬಿಟ್ಟ ದಿನದ ತಾರೀಕಿನ ಸಮೇತ. ಇಪ್ಪತ್ತನೇ ತಾರೀಕು ಕೊನೆ. ಕಾಗದದ ಕೆಳಗೆ ಇನ್ನೆರಡು ಸಾಲಿತ್ತು. ಹದಿನಾಲ್ಕನೇ ಮಹಡಿಯಲ್ಲಿ ಹೊಳೆ ಬದಿಯ ಮನೆ ಕೇಳಿದೀನಿ ಅಪ್ಪ. ಅಲ್ಲಿಂದ ನಿಮ್ಮ ಊರು ಈ ತುದಿಯಿಂದ ಆ ತುದಿವರೆಗೂ ಕಾಣುತ್ತೆ, ಸ್ಟೂಲು ಹೊತ್ತುಕೊಂಡು ಬರೋದು ತಪ್ಪುತ್ತೆ.

ಇವರು ಅದನ್ನು ಎರಡು ಸಲ ಓದಿದರು. ಮರುದಿನ ಕಚೇರಿಗೆ ಒಯ್ದು ತಮ್ಮ ಮನೆಯ ಪುಟದ ನಡುವೆ ಇಟ್ಟರು.

ಚೀಟಿ ಕೊಡಬಾರದು ಅಂತಲ್ಲ. ಹನ್ನೊಂದು ವರ್ಷದ ಹಿಂದಿನ ತಾರೀಕು ಹಾಕಿ ಕೊಟ್ಟರೆ ಹನ್ನೊಂದು ವರ್ಷ ಸುಳ್ಳು ತಲೆ ಎಣಿಸಿದ್ದು ತಾನೇ ಬರೆದುಕೊಟ್ಟ ಹಾಗೆ. ಎಣಿಕೆಯ ಹೊತ್ತು ಅಂದರೆ ಹಳೆಯ ಪುಟಗಳನ್ನು ಮೇಲಿನವರು ಬಿಚ್ಚಿ ನೋಡುವ ಕಾಲ ಅದು. ಮೂವತ್ತಕ್ಕೆ ಎಣಿಕೆ ಮುಚ್ಚಿ, ಪುಸ್ತಕಗಳು ಕಪಾಟಿಗೆ ಹೋದ ಮೇಲೆ ಮೂವತ್ತೊಂದಕ್ಕೆ ಕೊಟ್ಟರೆ ಯಾರ ಕಣ್ಣಿಗೂ ಬೀಳದು. ತಲೆಯೂ ಉಳಿಯುತ್ತದೆ, ಚೀಟಿಯೂ ಸಿಗುತ್ತದೆ. ಇಪ್ಪತ್ತು ಅಂತ ಅಂದರೇನಾಯಿತು? ಮೂವತ್ತೊಂದು ವರ್ಷದ ನೌಕರಿಯಲ್ಲಿ ಕೊನೆಯ ದಿನ ಎಂಬುದು ಕೊನೆಯ ದಿನವೇ ಆದದ್ದನ್ನು ಅವರು ಕಂಡಿರಲಿಲ್ಲ. ತಮ್ಮ ಕಚೇರಿಯಲ್ಲಿ ಮೊದಲು ಒಂದು ತಾರೀಕು ಹೇಳುತ್ತಿದ್ದರು, ಜನ ಬರುತ್ತಿರಲಿಲ್ಲ. ಹದಿನೈದು ದಿನ ಮುಂದೂಡುತ್ತಿದ್ದರು, ಆಗ ಜನ ಬರುತ್ತಿದ್ದರು. ಇನ್ನೊಂದು ವಾರ ಕೊಡುತ್ತಿದ್ದರು, ಅದು ಉಪಕಾರ. ಆಚೆ ಊರು ಎಲ್ಲದರಲ್ಲೂ ತಮಗಿಂತ ಕೀಳು ಎಂದು ಜೀವಮಾನವೆಲ್ಲ ನಂಬಿದವರು, ಸೋಮಾರಿತನದಲ್ಲಿ ಮಾತ್ರ ಅದು ತಮಗೆ ಸರಿಸಮ ಎಂದು ನೆಚ್ಚಿಕೊಂಡರು.

ಹೆಂಡತಿ ಹದಿನೈದಕ್ಕೆ ಒಮ್ಮೆ ಕೇಳಿದರು, ಹದಿನೆಂಟಕ್ಕೆ ಒಮ್ಮೆ. ಮುಂದಕ್ಕೆ ಹಾಕ್ತಾರೆ ಎಂದು ಇವರು ಎರಡು ಸಲವೂ ಹೇಳಿದರು. ಹತ್ತೊಂಬತ್ತರ ಬೆಳಿಗ್ಗೆ ಇವರು ಶರಟು ಹಾಕಿಕೊಳ್ಳುತ್ತಿದ್ದಾಗ ಆಕೆ ಬಾಗಿಲಿಗೆ ಅಡ್ಡ ಬಂದು ನಿಂತರು. ಮೂವತ್ತೈದು ವರ್ಷದ ಸಂಸಾರದಲ್ಲಿ ಆಕೆ ಹಾಗೆ ಅಡ್ಡ ನಿಂತದ್ದು ಅದೇ ಮೊದಲು.

‘ನಿಮ್ಮ ಊರಲ್ಲಿ ನಾಲ್ಕು ಲಕ್ಷ ಜನ ಇದಾರೆ. ಒಂದು ಹುಡುಗೀನ ಬಿಟ್ಟುಕೊಡೋಕೆ ಆಗಲ್ವಾ?’

‘ಹನ್ನೆರಡು ದಿನದ ಮಾತು ಕಣೇ. ಮೂವತ್ತೊಂದಕ್ಕೆ ನಾನೇ ಒಯ್ದು ಕೊಡ್ತೀನಿ, ಅವಳ ಮನೆ ಬಾಗಿಲಿಗೆ.’

‘ಯಾವ ಮನೆ ಬಾಗಿಲಿಗೆ?’ ಎಂದು ಆಕೆ ಕೇಳಿ, ದಾರಿ ಬಿಟ್ಟರು.

ಇಪ್ಪತ್ತರ ಸಂಜೆ ಐದಕ್ಕೆ ಆಚೆಯ ನಗರಸಭೆ ಕಿಟಕಿ ಮುಚ್ಚಿತು. ಐದು ಅಂದರೆ ಐದು. ಅಲ್ಲಿಯ ಗುಮಾಸ್ತ ಮಗಳ ಅರ್ಜಿಯನ್ನು ಕೊನೆಗೆ ಇಟ್ಟುಕೊಂಡು ಐದು ಹೊಡೆಯುವವರೆಗೂ ಸೇತುವೆಯ ಕಡೆ ನೋಡುತ್ತಿದ್ದನಂತೆ. ಆಮೇಲೆ, ಕ್ಷಮಿಸಬೇಕಮ್ಮ, ನಿಮ್ಮ ತಂದೆಯವರು ಪರಿಶೀಲನೆ ಮುಗಿಸಿಲ್ಲ ಎಂದು ಹೇಳಿ ಅದನ್ನು ಪಕ್ಕಕ್ಕಿಟ್ಟ. ಇದನ್ನೂ ಹೆಂಡತಿ ಮರುದಿನ ಗೋಡೆಗೆ ಹೇಳಿದರು. ಆ ದಿನದಿಂದ ಗಂಡನಿಗೆ ನೇರ ಮಾತು ನಿಂತಿತು. ಉಪ್ಪು ಬೇಕೇ ಎಂಬುದನ್ನೂ ಗೋಡೆಗೇ ಕೇಳತೊಡಗಿದರು.

ಮೂವತ್ತಕ್ಕೆ ಎಣಿಕೆ ಮುಚ್ಚಿತು. ಈಚೆ ಊರು ನಾಲ್ಕು ಲಕ್ಷದ ಹನ್ನೆರಡು ಸಾವಿರದ ಆರುನೂರ ಹದಿನೆಂಟು. ಆಚೆ ಊರು ನಾಲ್ಕು ಲಕ್ಷದ ಹನ್ನೆರಡು ಸಾವಿರದ ಐನೂರ ಎಪ್ಪತ್ತೊಂದು. ನಲವತ್ತೇಳು ತಲೆಗಳ ಮುನ್ನಡೆ. ಅದರಲ್ಲಿ ಮಗಳನ್ನು ತೆಗೆದು ಆಚೆ ಹಾಕಿದ್ದರೂ ನಲವತ್ತೈದು ಉಳಿಯುತ್ತಿತ್ತು. ಈ ಕೂಡು ಕಳೆ ಮಾಡಲು ದೊಡ್ಡ ವಿದ್ಯೆ ಬೇಕಿಲ್ಲ. ಜನಸಂಖ್ಯೆಯವರು ಅದನ್ನು ಕಾಗದದ ಮೇಲೆ ಮೂರು ಸಲ ಮಾಡಿದರು. ಜನನ ಮರಣದವರು ಈ ಕಡೆ ಇಣುಕಿ, ಗೆದ್ದಿರಲ್ಲ, ಚಹಾ ಎಲ್ಲಿ ಎಂದರು. ಚಹಾ ತರಿಸಿದರು. ತಾವು ಕುಡಿಯಲಿಲ್ಲ. ಮೂವತ್ತೊಂದು ಬಂದು ಹೋಯಿತು, ಒಯ್ದು ಕೊಡಲು ಮನೆ ಬಾಗಿಲಿಲ್ಲದ ಚೀಟಿ ಬರೆಯದೆಯೇ ಉಳಿಯಿತು.

ನಾಲ್ಕು ತಿಂಗಳಿಗೆ ರಾಜಧಾನಿಯಿಂದ ಅಚ್ಚಾದ ಪುಸ್ತಕ ಬಂತು. ಅವರು ಕಟ್ಟು ಬಿಚ್ಚಿ, ಮಧ್ಯಮ ಊರುಗಳ ಪುಟ ಹುಡುಕಿದರು. ಓದುವವರಿಗೆ ಅನುಕೂಲವಾಗಲೆಂದು ಎಲ್ಲ ಸಂಖ್ಯೆಗಳನ್ನೂ ದುಂಡು ಮಾಡಿದ್ದರು. ಎರಡು ಊರುಗಳ ಎದುರಿಗೂ 4.1 ಲಕ್ಷ ಎಂದಿತ್ತು. ಸಮವಿದ್ದವನ್ನು ಅಕ್ಷರಾನುಕ್ರಮದಲ್ಲಿ ಬರೆದಿದ್ದರಿಂದ ಆಚೆ ಊರು ಮೇಲಿನ ಸಾಲಿನಲ್ಲಿ ಬಂದಿತ್ತು.

ಅವರು ಪುಸ್ತಕವನ್ನು ಬೆಳಕಿಗೆ ಹಿಡಿದು ನೋಡಿದರು, ಹಿಂದಿನ ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ ಎಲ್ಲಾದರೂ ನಲವತ್ತೇಳು ಇದೆಯೋ ಎಂದು. ಇರಲಿಲ್ಲ. ಮೇಲಧಿಕಾರಿಗೆ ಒಯ್ದು ತೋರಿಸಿದರು. ಅವರು, ನಮ್ಮ ಹೆಸರಿನ ಕಾಗುಣಿತ ಸರಿಯಾಗಿ ಹಾಕಿದಾರಲ್ಲ, ಕಳೆದ ಸಲ ತಪ್ಪಿತ್ತು ಎಂದು ಸಂತೋಷಪಟ್ಟರು.

ಅಷ್ಟರಲ್ಲಿ ಆಚೆಯ ಕಟ್ಟಡ ಮುಗಿದಿತ್ತು, ನೂರು ಮನೆಗಳಿಗೆ ನೂರು ಕುಟುಂಬ ಬಂದಿತ್ತು. ಬಾಡಿಗೆ ಕೋಣೆಯ ಮಾಲೀಕ ತನ್ನ ಮನೆಯನ್ನು ಕೆಡವಿ ಎತ್ತರ ಮಾಡಲು ಹೊರಟಿದ್ದ. ನೆತ್ತಿಗೆರೆಯ ರೋಗ ಎಲ್ಲರಿಗೂ ಹತ್ತಿತ್ತು. ಅಳಿಯನಿಗೆ ದೂರದ, ಎರಡು ದಿನದ ರೈಲು ಪ್ರಯಾಣದ ಒಂದು ಊರಿನಲ್ಲಿ ಕೆಲಸ ಸಿಕ್ಕಿತು. ಕೆಲಸದ ಜೊತೆಗೆ ವಾಸಕ್ಕೆ ಮನೆ.

ಆ ವರ್ಷದ ನೆತ್ತಿಗೆರೆಯ ಭಾನುವಾರ ಜನಸಂಖ್ಯೆಯವರು ಬೆಳಿಗ್ಗೆ ಈಚೆ ದಡದಲ್ಲಿ ಸ್ಟೂಲು ಹಾಕಿ ಕಾಗದ ಬಿಚ್ಚಿದರು. ಈ ಸಲ ಕ್ರೇನನ್ನೂ ಬರೆಯೋಣ ಎಂದು ಮನಸ್ಸಿನಲ್ಲೇ ನಿಯಮ ಸಡಿಲಿಸಿಕೊಂಡು ಬಂದಿದ್ದರು. ಕಣ್ಣೆತ್ತಿದರೆ ಕ್ರೇನು ಇರಲಿಲ್ಲ. ಬಿಚ್ಚಿ, ಕಂಬಿ ಕಂಬಿ ಮಾಡಿ ಲಾರಿಯಲ್ಲಿ ಕಳಿಸಿಯಾಗಿತ್ತು. ಕಟ್ಟಡ ಮಾತ್ರ ಹದಿನೆಂಟು ಮಹಡಿ ಎತ್ತರಕ್ಕೆ ನಿಂತಿತ್ತು. ಅವರು ಕೆಳಗಿನಿಂದ ಹದಿನಾಲ್ಕು ಎಣಿಸಿದರು. ಕಣ್ಣು ಮಂಜಾಗಿ ಹನ್ನೊಂದರಲ್ಲಿ ತಪ್ಪಿತು, ಮತ್ತೆ ಮೊದಲಿನಿಂದ ಎಣಿಸಿದರು. ಹೊಳೆ ಬದಿಯ ಕಿಟಕಿಯಲ್ಲಿ ಯಾರೋ ಬಟ್ಟೆ ಒಣಹಾಕಿದ್ದರು. ಮಧ್ಯಾಹ್ನ ಅವರು ಆಚೆ ದಡಕ್ಕೆ ಹೋಗಲಿಲ್ಲ. ಗೋಡೆಯ ಮೇಲೆ ಆ ವರ್ಷ ಒಂದೇ ಪಟ್ಟಿ.

ಮುಂದಿನ ಬುಧವಾರ ಮಗಳು ಕಚೇರಿಗೆ ಬಂದಳು.

ಒಳಗೆ ಬರಬಹುದಾಗಿತ್ತು, ಬರಲಿಲ್ಲ. ಬೆಂಚಿನಲ್ಲಿ ಕೂತಳು, ಗೋಡೆಯ ಪಟ್ಟಿಗೆ ತಲೆ ತಾಗದ ಹಾಗೆ ಮುಂದೆ ಬಾಗಿ. ಅವಳ ಮುಂದೆ ನಾಲ್ಕು ಜನರಿದ್ದರು. ನಾಲ್ವರದೂ ಮುಗಿದ ಮೇಲೆ ಎದ್ದು ಕಿಟಕಿಗೆ ಬಂದು ನಿಂತಳು. ಜನನ ಮರಣದವರು ಅವಳನ್ನು ನೋಡಿದ್ದೇ ಏನೋ ನೆನಪಾದವರಂತೆ ಎದ್ದು ಹೊರಗೆ ಹೋದರು. ಅವರ ಸರ್ವಿಸಿನಲ್ಲಿ ಅವರು ಮಾಡಿದ ಸೂಕ್ಷ್ಮವಾದ ಕೆಲಸ ಅದೊಂದೇ.

ಹೊಸ ಊರಿನವರೂ ಚೀಟಿ ಕೇಳಿದಾರೆ ಎಂದಳು. ಇವರು ತಲೆಯಾಡಿಸಿ ಪುಸ್ತಕ ತೆಗೆದರು. ಪುಟದ ನಡುವೆ ಅವಳ ಕಾಗದ ಇನ್ನೂ ಇತ್ತು, ಅವಳಿಗೆ ಕಾಣದ ಹಾಗೆ ಅದನ್ನು ಕೆಳಗಿನ ಪುಟಕ್ಕೆ ಸರಿಸಿದರು. ನಿಯಮದಂತೆ ಪ್ರಶ್ನೆಗಳನ್ನು ಬಾಯಿಬಿಟ್ಟು ಕೇಳಲೇಬೇಕು. ಮೂವತ್ತೊಂದು ವರ್ಷ ಸಾವಿರಾರು ಜನರನ್ನು ಕೇಳಿದ ಪ್ರಶ್ನೆಗಳು. ಎಷ್ಟು ಜನ ಎಂದರು. ಇಲ್ಲಿಂದ ಒಬ್ಬಳು ಎಂದಳು. ಹೋಗುವ ಊರು ಎಂದರು. ಅವಳು ಊರಿನ ಹೆಸರು ಹೇಳಿದಳು.

‘ಎಂಟೂವರೆ ಲಕ್ಷ’ ಎಂದುಬಿಟ್ಟರು, ಅಭ್ಯಾಸಬಲದಿಂದ.

‘ಮೂರು ಸೇರಿಸ್ಕೊಳ್ಳಿ’ ಎಂದಳು ಮಗಳು.

ಅಡಿಪಟ್ಟಿ ಇಟ್ಟರು. ಕೆಂಪು ಪೆನ್ಸಿಲ್ಲು ಚೂಪಾಗಿಯೇ ಇತ್ತು, ಕೆತ್ತುವ ನೆಪ ಸಿಗಲಿಲ್ಲ. ಗೆರೆ ಎಳೆದರು. ಚೀಟಿಯಲ್ಲಿ ಎರಡು ಸಹಿ ಬೇಕು, ಗುಮಾಸ್ತನದು ಒಂದು, ಮನೆಯ ಹಿರಿಯನದು ಒಂದು. ಮೊದಲನೆಯದನ್ನು ಹಾಕಿ, ಚೀಟಿಯನ್ನು ತಿರುಗಿಸಿ, ಹೊರಗಿನವರು ಸಹಿ ಹಾಕುವ ಹಾಗೆ ಎದುರು ಬದಿಯಿಂದ ಕೈ ಮಣಿಸಿ ಎರಡನೆಯದನ್ನೂ ಹಾಕಿದರು. ಎರಡೂ ಒಂದೇ ತರಹ ಬಂದವು. ಉಳಿದದ್ದು ತಾರೀಕಿನ ಖಾನೆ. ಪೆನ್ನು ಅದರ ಮೇಲೆ ಹೋಗಿ ನಿಂತಿತು.

ಈಗ ಸುಳ್ಳು ತಾರೀಕು ಹಾಕುವುದಿಲ್ಲ ಎಂದು ಅವರು ನಿರ್ಧರಿಸಿಯೇ ಇದ್ದರು. ಹನ್ನೊಂದು ವರ್ಷದ ಹಿಂದಿನ ನಿಜವಾದ ತಾರೀಕು ಹಾಕಿ ಕೊಡುವುದು, ಆಮೇಲೆ ಪಿಂಚಣಿ ಹಿಡಿದರೆ ಹಿಡಿಯಲಿ, ವಿಚಾರಣೆ ಆದರೆ ಆಗಲಿ. ಅಷ್ಟಾದರೂ ಆಗಬೇಕಿತ್ತು ತಮಗೆ. ಆ ತಾರೀಕು ಅವರಿಗೆ ಬಾಯಿಪಾಠ. ಆದರೂ ಕೇಳಿದರು, ತಲೆ ಎತ್ತದೆ.

‘ಯಾವ ತಾರೀಕು ಹಾಕ್ಲಿ?’

ಹಿಂದೆ ಬೆಂಚಿನಲ್ಲಿ ಯಾರೋ ಕೆಮ್ಮಿದರು.

‘ಇವತ್ತಿಂದೇ ಹಾಕಿ’ ಎಂದಳು. ‘ಅವತ್ತು ನಾನು ಮದುವೆಯಾಗಿ ಹೊಳೆ ದಾಟಿದ್ದು ಅಷ್ಟೇ ಅಪ್ಪ. ಊರು ಬಿಡ್ತಿರೋದು ಇವತ್ತು.’

ಅವರು ಬರೆದರು. ಚೀಟಿ ಹರಿದು ಕೊಟ್ಟರು. ಅವಳು ತಾರೀಕನ್ನು, ಎರಡು ಸಹಿಗಳನ್ನು ನೋಡಿ, ಕನ್ನಡಕದ ಗಾಜು ಪರೀಕ್ಷಿಸುವವಳ ಹಾಗೆ ಒಮ್ಮೆ ಬೆಳಕಿಗೆ ಹಿಡಿದು, ಮಡಚಿ ಚೀಲಕ್ಕೆ ಹಾಕಿಕೊಂಡಳು. ಅಮ್ಮನನ್ನು ನೋಡಿಯೇ ಬಂದೆ ಎಂದಳು. ಮೆಟ್ಟಿಲಿಳಿಯುವ ಸದ್ದು ಎರಡು ಮಹಡಿಯವರೆಗೂ ಕೇಳಿಸಿತು.

ನಿಯಮದಂತೆ ಒಬ್ಬರ ಹೆಸರು ಹೊಡೆದ ಕೂಡಲೇ ಒಟ್ಟು ಮೊತ್ತದಲ್ಲಿ ಒಂದನ್ನು ಕಳೆಯಬೇಕು. ಅವರು ದೊಡ್ಡ ಪುಸ್ತಕ ಎಳೆದುಕೊಂಡು ಒಂದು ಕಳೆದರು. ಆಗ ಜನನ ಮರಣದವರು ವಾಪಸು ಬಂದು ಕೂತು, ಮೇಜಿನ ಮೇಲಿನ ಕಾಗದ ಅತ್ತಿತ್ತ ಸರಿಸಿ, ಏನಾದರೂ ಮಾತಾಡಬೇಕಲ್ಲ ಎಂದು, ನಿನ್ನೆ ಹುಟ್ಟಿದ್ದು ಹದಿಮೂರು ಮಾರಾಯರೇ, ಹೋದದ್ದು ಆರೇ ಎಂದರು. ಜನಸಂಖ್ಯೆಯವರು ಆ ಕಡೆ ಕತ್ತು ಚಾಚಲಿಲ್ಲ. ಕಿಟಕಿಗೆ ಮುಂದಿನವರು ಬಂದು ನಿಂತಿದ್ದರು. ಗಂಡ, ಹೆಂಡತಿ, ಒಂದು ಕೂಸು. ಆಚೆ ಊರಿನಿಂದ ಈಚೆಗೆ ಬಂದವರಂತೆ, ಸೇರಿಸಿಕೊಳ್ಳಬೇಕಂತೆ.

ಅವರು ನೀಲಿ ಪೆನ್ನು ತೆಗೆದರು.